ಮೊದಲು ಮೇಜಿನಲ್ಲಿ ಆಡಿ, ಆಮೇಲೆ ಬರೆಯಿರಿ: ಆಯ್ಕೆಗಳಿರುವ ಕಥೆ ನಡೆಯುವ ಬಗೆ

ಕಥೆಯ ನಡುವೆ ಓದುಗನಿಗೊಂದು ಪ್ರಶ್ನೆ ಹಾಕಬೇಕು, ಅವನು ಕೊಟ್ಟ ಉತ್ತರದಂತೆ ಮುಂದಿನ ಕಥೆ ನಡೆಯಬೇಕು. ಇದನ್ನು ಮಾಡಲು ಎರಡು ದಾರಿಗಳಿವೆ. ಓದುಗ ಏನೇನು ಉತ್ತರ ಕೊಡಬಹುದು ಎಂಬುದನ್ನು ಲೇಖಕ ಮೊದಲೇ ಯೋಚಿಸಿ, ಒಂದೊಂದಕ್ಕೂ ಮುಂದಿನ ಭಾಗವನ್ನು ಬರೆದಿಡುವುದು ಮೊದಲನೆಯ ದಾರಿ. ವಿಷುವಲ್ ನಾವೆಲ್ ಎಂಬ ಆಟದ ಬಗೆ ಹುಟ್ಟಿದ್ದು ಹೀಗೆ. ಎಲ್ಲವನ್ನೂ ಬರೆದಿಡದೆ, ಎದುರಿಗೆ ಕುಳಿತ ಒಬ್ಬ ಮನುಷ್ಯನೇ ಆ ಹೊತ್ತಿಗೆ ಉತ್ತರ ಕಟ್ಟಿ ಹೇಳುವುದು ಎರಡನೆಯ ದಾರಿ. ಅದು ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಆಟ, ಅಂದರೆ ಮೇಜಿನ ಸುತ್ತ ಕುಳಿತು ಒಂದೊಂದು ಪಾತ್ರ ವಹಿಸಿ ಆಡುವ ಆಟ. ಒಂದರಲ್ಲಿ ಉತ್ತರಗಳು ಮುಂಚೆಯೇ ಸಿದ್ಧ, ಇನ್ನೊಂದರಲ್ಲಿ ಸ್ಥಳದಲ್ಲೇ ಹುಟ್ಟುತ್ತವೆ.

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಇವುಗಳ ಬಗ್ಗೆ ಆಸೆ ಇಟ್ಟುಕೊಂಡ ಹುಡುಗ ಹುಡುಗಿಯರು ಸಿಕ್ಕಾಗ ಕೇಳುವ ಮೊದಲ ಮಾತು, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು ಎಂದು. ಸಾಫ್ಟ್‌ವೇರ್ ಕಷ್ಟದ ಭಾಗವಲ್ಲ. ಬಹುಪಾಲು ಉಚಿತವಾಗಿಯೇ ಸಿಗುತ್ತದೆ. ಕಷ್ಟವಿರುವುದು ಒಂದೊಂದು ಆಯ್ಕೆಯಿಂದ ಒಡೆಯುವ ಕವಲುಗಳ ಲೆಕ್ಕದಲ್ಲಿ. ಆ ಲೆಕ್ಕ ತಿಳಿಯದೆ ಶುರುಮಾಡಿದ ಒಳ್ಳೆಯ ಕಥೆಗಳು ಅರ್ಧಕ್ಕೇ ನಿಂತುಹೋಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ಈ ಲೇಖನ.

ವಿಷುವಲ್ ನಾವೆಲ್ ಎಂದರೆ ನೋಡಲು ಸರಳ. ಪರದೆಯ ತುಂಬ ಒಂದು ಹಿನ್ನೆಲೆಯ ಚಿತ್ರ, ಅದರ ಮುಂದೆ ಮಾತನಾಡುತ್ತಿರುವ ಪಾತ್ರ, ಕೆಳಗೆ ಆ ಪಾತ್ರದ ಮಾತು, ಹಿಂದಿನಿಂದ ಸಂಗೀತ. ಒತ್ತಿದರೆ ಮುಂದಿನ ಸಾಲು ಬರುತ್ತದೆ. ನಡುನಡುವೆ ಎರಡೋ ಮೂರೋ ಆಯ್ಕೆಗಳು ಕಾಣಿಸಿಕೊಳ್ಳುತ್ತವೆ. ಈ ಬಗೆಯ ಬೇರು ಜಪಾನಿನಲ್ಲಿದೆ. 1983ರಲ್ಲಿ ಯುಜಿ ಹೋರಿಯಿ ರೂಪಿಸಿದ ಪೊರ್ಟೋಪಿಯಾ ಎಂಬ ಕೊಲೆ ತನಿಖೆಯ ಆಟವನ್ನು ಇದರ ಪೂರ್ವಜ ಎಂದು ಗುರುತಿಸುತ್ತಾರೆ. ದೊಡ್ಡ ಕಂಪನಿಗಳ ಕೈಯಲ್ಲಿದ್ದ ಈ ಕೆಲಸ ಒಬ್ಬರು, ಇಬ್ಬರು ಮನೆಯಲ್ಲಿ ಕುಳಿತು ಮಾಡುವಂತಾಗಲು ಮುಖ್ಯ ಕಾರಣ ರೆನ್‌ಪೈ. ಟಾಮ್ ರೋಥಮೆಲ್ ಎಂಬ ಅಮೆರಿಕದ ಪ್ರೋಗ್ರಾಮರ್ 2004ರಲ್ಲಿ ಬಿಡುಗಡೆ ಮಾಡಿದ ಈ ಉಚಿತ, ಮುಕ್ತ ತಂತ್ರಾಂಶ ಪೈಥಾನ್ ಭಾಷೆಯ ಮೇಲೆ ನಿಂತಿದೆ. 2017ರಲ್ಲಿ ಲೋಕವೆಲ್ಲ ಮಾತನಾಡಿದ ಡೋಕಿ ಡೋಕಿ ಲಿಟರೇಚರ್ ಕ್ಲಬ್ ಆಟವನ್ನು ಒಂದು ಪುಟ್ಟ ತಂಡ ಇದರಲ್ಲೇ ಮಾಡಿ ಉಚಿತವಾಗಿ ಕೊಟ್ಟಿತು.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ. ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯಿಂದ ಸಾವಿತ್ರಿ ತನ್ನ ಕಾಕಾನ ಜೊತೆ ಡಬ್ಬಿ ಮೆಣಸಿನಕಾಯಿಯ ಚೀಲಗಳನ್ನು ತಂದಿದ್ದಾಳೆ. ಆಕಾಶದಲ್ಲಿ ಮೋಡ ಕವಿದಿದೆ. ತೇವ ಹಿಡಿದರೆ ದರ ಬೀಳುತ್ತದೆ. ದಲಾಲಿ ಅಂಗಡಿಯ ಸಾವಕಾರರು ಟೆಂಡರ್‌ನಲ್ಲಿ ಬಂದ ದರ ಹೇಳುತ್ತಾರೆ. ಅವಳು ಎಣಿಸಿದ್ದಕ್ಕಿಂತ ಅದು ಕಡಿಮೆ. “ಏನು ಮಾಡೋಣ, ತಂಗಿ?” ಎಂದು ಕಾಕಾ ಅವಳ ಮುಖ ನೋಡುತ್ತಾನೆ. ಪರದೆಯ ಮೇಲೆ ಮೂರು ಆಯ್ಕೆಗಳು: ಈ ದರಕ್ಕೆ ಕೊಟ್ಟುಬಿಡುವುದು, ಮುಂದಿನ ಟೆಂಡರ್‌ವರೆಗೆ ಕಾಯುವುದು, ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುವುದು.

ರೆನ್‌ಪೈಯಲ್ಲಿ ಇದನ್ನು ಬರೆಯುವುದು ನಾಟಕದ ಹಸ್ತಪ್ರತಿ ಬರೆದ ಹಾಗೆಯೇ ಇರುತ್ತದೆ. ಪಾತ್ರದ ಹೆಸರು, ಪಕ್ಕದಲ್ಲಿ ಉದ್ಧರಣ ಚಿಹ್ನೆಯೊಳಗೆ ಅದರ ಮಾತು. ಪ್ರತಿ ದೃಶ್ಯದ ತಲೆಗೆ ‘ಲೇಬಲ್’ ಎಂಬ ಹೆಸರುಪಟ್ಟಿ. ಆಯ್ಕೆಗಳಿಗೆ ‘ಮೆನು’. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗಲು ‘ಜಂಪ್’. ಈ ಮೂರು ಗೊತ್ತಿದ್ದರೆ ಒಂದು ಪುಟ್ಟ ಆಟ ನಿಲ್ಲುತ್ತದೆ. ಪ್ರೋಗ್ರಾಮಿಂಗ್ ಬಾರದ ಬರಹಗಾರರೂ ಒಂದು ಸಂಜೆಯಲ್ಲಿ ಇದನ್ನು ಹಿಡಿಯಬಹುದು.

ಇನ್ನು ಲೆಕ್ಕ. ಕಥೆಯಲ್ಲಿ ಹತ್ತು ಕಡೆ ಆಯ್ಕೆ ಇದೆ, ಪ್ರತಿ ಕಡೆಯೂ ಎರಡೇ ದಾರಿ ಎಂದುಕೊಳ್ಳಿ. ಪ್ರತಿ ದಾರಿಯೂ ಬೇರೆಯಾಗಿಯೇ ಮುಂದುವರಿದರೆ ಕೊನೆಗೆ 1,024 ಮುಕ್ತಾಯಗಳು ಆಗುತ್ತವೆ. ಒಟ್ಟು ದೃಶ್ಯಗಳು 2,047. ಒಂದು ದೃಶ್ಯಕ್ಕೆ 300 ಪದ ಎಂದರೂ ಆರು ಲಕ್ಷಕ್ಕೂ ಹೆಚ್ಚು ಪದ ಬರೆಯಬೇಕು. ಒಬ್ಬ ಓದುಗ ಒಂದು ಸಲ ಆಡಿದಾಗ ಅವನ ಕಣ್ಣಿಗೆ ಬೀಳುವುದು ಮಾತ್ರ 11 ದೃಶ್ಯ, ಅಂದರೆ 3,300 ಪದ. ಬರೆದವನ ಶ್ರಮಕ್ಕೂ ಓದಿದವನ ಅನುಭವಕ್ಕೂ ತಾಳಮೇಳವೇ ಇಲ್ಲ.

ಅದಕ್ಕೆ ಅನುಭವಸ್ಥರು ಕವಲನ್ನು ಒಡೆದು, ಮತ್ತೆ ಕೂಡಿಸುತ್ತಾರೆ. ಸಾವಿತ್ರಿ ಮಾರಲಿ, ಕಾಯಲಿ, ಆ ರಾತ್ರಿ ಹೇಗೂ ಊರಿಗೆ ಮರಳಲೇಬೇಕು. ಬಸ್ ನಿಲ್ದಾಣದ ದೃಶ್ಯ ಎಲ್ಲರಿಗೂ ಒಂದೇ. ಒಂದು ಆರಂಭ, ಆಮೇಲೆ ಪ್ರತಿ ಆಯ್ಕೆಗೂ ಎರಡು ಚಿಕ್ಕ ಕವಲು, ಒಂದು ಕೂಡುದೃಶ್ಯ. ಹೀಗೆ ಕಟ್ಟಿದರೆ ಹತ್ತು ಆಯ್ಕೆಗಳಿಗೂ ಸೇರಿ 31 ದೃಶ್ಯ ಸಾಕು. ಎರಡು ಸಾವಿರದಿಂದ ಮೂವತ್ತೊಂದಕ್ಕೆ.

ಹಾಗಾದರೆ ಆಯ್ಕೆಗೆ ಬೆಲೆ ಏನು ಉಳಿಯಿತು? ಇಲ್ಲಿ ಸಾಫ್ಟ್‌ವೇರ್ ತನ್ನ ನಿಜವಾದ ಕೆಲಸ ಮಾಡುತ್ತದೆ: ನೆನಪಿಟ್ಟುಕೊಳ್ಳುವುದು. ‘ನಂಬಿಕೆ’ ಎಂಬ ಹೆಸರಿನಲ್ಲಿ ಒಂದು ಅಂಕಿಯನ್ನು ಇಟ್ಟುಕೊಳ್ಳಿ. ಸಾವಿತ್ರಿ ಕಾಕಾನ ಮಾತು ಕೇಳಿದರೆ ಅದು ಒಂದು ಏರುತ್ತದೆ, ಅವನನ್ನು ಮೀರಿ ನಡೆದರೆ ಒಂದು ಇಳಿಯುತ್ತದೆ. ಬಸ್ ನಿಲ್ದಾಣದ ದೃಶ್ಯ ಒಂದೇ ಆದರೂ, ನಂಬಿಕೆ ಮೂರಕ್ಕಿಂತ ಹೆಚ್ಚಿದ್ದರೆ ಕಾಕಾ ಹಳೆಯ ಸಾಲದ ವಿಷಯ ಬಾಯಿಬಿಡುತ್ತಾನೆ, ಇಲ್ಲದಿದ್ದರೆ ಕಿಟಕಿಯ ಕಡೆ ಮುಖ ಮಾಡಿ ಕುಳಿತುಬಿಡುತ್ತಾನೆ. ಬರೆಯಬೇಕಾದದ್ದು ನಾಲ್ಕೇ ಸಾಲು ಹೆಚ್ಚು. ಓದುಗನಿಗೆ ಮಾತ್ರ ತಾನು ಬೆಳಿಗ್ಗೆ ಮಾಡಿದ್ದು ಸಂಜೆಗೆ ತಟ್ಟಿತು ಎನ್ನಿಸುತ್ತದೆ. ದೊಡ್ಡ ಕವಲಿಗಿಂತ ಇಂಥ ತಡವಾಗಿ ಬರುವ ಫಲವೇ ಓದುಗನ ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚಿತ್ರ, ಸಂಗೀತ ಏನೂ ಬೇಡ, ಬರಿಯ ಬರಹ ಸಾಕು ಎನ್ನುವವರಿಗೆ ಟ್ವೈನ್ ಇದೆ. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದ ಈ ಉಚಿತ ಉಪಕರಣದಲ್ಲಿ ದೃಶ್ಯಗಳು ಚೌಕಗಳಾಗಿ, ಅವುಗಳ ನಡುವಿನ ದಾರಿಗಳು ಬಾಣಗಳಾಗಿ ಕಾಣುತ್ತವೆ. ಕಥೆ ಎಲ್ಲಿ ಗೋಜಲಾಗಿದೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇಂಕ್ಲ್ ಸಂಸ್ಥೆ 2016ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ಇಂಕ್ ಎಂಬ ಬರಹದ ಭಾಷೆ ಇನ್ನೊಂದು. ಕವಲು ಒಡೆದು ಕೂಡಿಸುವ ಕೆಲಸಕ್ಕೆ ಅದರಷ್ಟು ಚೊಕ್ಕವಾದದ್ದನ್ನು ನಾನು ಕಂಡಿಲ್ಲ. ಮುಗಿದ ಆಟವನ್ನು ಜನರಿಗೆ ತಲುಪಿಸಲು ಇಚ್.ಐಒ ತಾಣ ಸುಲಭ. 2013ರಲ್ಲಿ ಶುರುವಾದ ಇಲ್ಲಿ ಆಟ ಇಡಲು ಶುಲ್ಕವಿಲ್ಲ, ಮಾರಾಟದಲ್ಲಿ ತಾಣಕ್ಕೆ ಎಷ್ಟು ಪಾಲು ಎಂಬುದನ್ನು ಮಾಡಿದವರೇ ಗೊತ್ತುಮಾಡಬಹುದು. ಆಟ ಮಾರುವ ಸ್ಟೀಮ್ ಎಂಬ ದೊಡ್ಡ ತಾಣದಲ್ಲಾದರೆ ಪ್ರತಿ ಆಟಕ್ಕೆ ಮೊದಲೇ 100 ಡಾಲರ್ ಕಟ್ಟಬೇಕು.

ಕನ್ನಡದಲ್ಲಿ ಬರೆಯುವವರು ಅಕ್ಷರದ ವಿಷಯದಲ್ಲಿ ಒಂದಿಷ್ಟು ನಿಲ್ಲಲೇಬೇಕು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಯುನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಅದು ಆರು ಸಂಕೇತಗಳ ಸಾಲು: ಸ, ಅದರ ಸ್ವರ ತೆಗೆಯುವ ಹಲಂತ ಚಿಹ್ನೆ, ತ, ಮತ್ತೆ ಹಲಂತ ಚಿಹ್ನೆ, ರ, ದೀರ್ಘ ಈ ಸ್ವರಚಿಹ್ನೆ. ಇವನ್ನು ಸೇರಿಸಿ ಒತ್ತಕ್ಷರ ಮೂಡಿಸುವ ಕೆಲಸವನ್ನು ಬೇರೊಂದು ತಂತ್ರಾಂಶ ಮಾಡಬೇಕು. ಅದಿಲ್ಲದ ಕಡೆ ಒತ್ತುಗಳು ಬಿಡಿಬಿಡಿಯಾಗಿ ಚೆಲ್ಲಿಕೊಂಡು ಓದಲಾಗದ ಹಾಗೆ ಆಗುತ್ತದೆ. ಬ್ರೌಸರ್‌ಗಳು ಈ ಕೆಲಸವನ್ನು ಬಹಳ ಹಿಂದಿನಿಂದ ಮಾಡುತ್ತಿವೆ, ಆದ್ದರಿಂದ ಟ್ವೈನ್‌ನಲ್ಲಿ ಕನ್ನಡಕ್ಕೆ ತೊಂದರೆಯಿಲ್ಲ. ರೆನ್‌ಪೈ 2023ರಲ್ಲಿ ಬಂದ 8.1ನೇ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವನ್ನು ಅಳವಡಿಸಿಕೊಂಡಿತು. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಕನ್ನಡ ಬರೆಯಲು ಹೋಗಬೇಡಿ. ಅಕ್ಷರಗಳು ಒಂದೊಂದಾಗಿ ಮೂಡುವ ಪರಿಣಾಮ ಹಾಕುವಾಗ ಒತ್ತಕ್ಷರ ನಡುವೆ ಒಡೆಯುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಫಾಂಟ್‌ಗೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಸಾಕು; ಎರಡನ್ನೂ ಮುಕ್ತ ಪರವಾನಗಿಯಲ್ಲಿ ಆಟದ ಜೊತೆಗೇ ಕೊಡಬಹುದು. ಗದಗ, ಹುಬ್ಬಳ್ಳಿಯ ಮುದ್ರಣಾಲಯಗಳಲ್ಲಿ ಬಳಸುವ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫೈಲುಗಳು ನಿಮ್ಮಲ್ಲಿದ್ದರೆ ಅವನ್ನು ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಇಲ್ಲವಾದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ.

ಈಗ ಎರಡನೆಯ ದಾರಿಗೆ ಬರುತ್ತೇನೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಟೇಬಲ್‌ಟಾಪ್ ಆಟಗಳ ಈ ಪರಂಪರೆ ಆರಂಭವಾಯಿತು. ಮೂರರಿಂದ ಐದು ಜನ ಆಟಗಾರರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬರು ಗೇಮ್ ಮಾಸ್ಟರ್. ಉಳಿದ ಪಾತ್ರಗಳು, ಊರು, ಮಳೆ, ಕಳ್ಳಕಾಕರು ಎಲ್ಲವೂ ಅವರ ಪಾಲಿಗೆ. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ನಾಟಕದ ಆಟ ನೋಡಿದವರಿಗೆ ಈ ಕೆಲಸ ಹೊಸದೆನ್ನಿಸದು. ಭಾಗವತ ರಂಗಕ್ಕೆ ಬಂದ ಪಾತ್ರವನ್ನು ಮಾತಿಗೆಳೆಯುತ್ತಾನೆ, ಕೆಣಕುತ್ತಾನೆ, ಕಥೆ ಜಾರಿದಾಗ ಮತ್ತೆ ದಾರಿಗೆ ತರುತ್ತಾನೆ. ಹಾಡು ಗೊತ್ತಿರುವುದೇ, ಮಾತು ಮಾತ್ರ ಆ ರಾತ್ರಿಯದು. ಗೇಮ್ ಮಾಸ್ಟರ್ ಸಹ ಹಾಗೆಯೇ ಕಥೆಯ ಎಲುಬನ್ನು ಕೈಯಲ್ಲಿ ಹಿಡಿದು, ಮಾತನ್ನು ಆಟಗಾರರಿಗೆ ಬಿಡುತ್ತಾರೆ.

ಬ್ಯಾಡಗಿಯ ಅದೇ ದೃಶ್ಯವನ್ನು ಮೇಜಿಗೆ ತನ್ನಿ. ನಾನು ಯೋಚಿಸಿದ್ದು ಮೂರು ಆಯ್ಕೆ. ಸಾವಿತ್ರಿಯ ಪಾತ್ರ ವಹಿಸಿದ ಗೆಳತಿ ಆ ಮೂರನ್ನೂ ಕಡೆಗಣಿಸಿ, “ನಾನು ಹಮಾಲರು ಚಹಾ ಕುಡಿಯುವ ಅಂಗಡಿಗೆ ಹೋಗಿ ಕೂಡುತ್ತೇನೆ. ಇವತ್ತು ಹೊರಗಿನ ಖರೀದಿದಾರರು ಯಾರು ಬಂದಿದ್ದಾರೆ ಎಂದು ಅವರಿಗೆ ಗೊತ್ತಿರುತ್ತದೆ” ಎಂದಳು. ಮಾರುಕಟ್ಟೆಯನ್ನು ಬಲ್ಲವರ ಉತ್ತರ ಅದು. ಬರೆದಿಟ್ಟ ಆಟದಲ್ಲಿ ಈ ದಾರಿಯೇ ಇರುತ್ತಿರಲಿಲ್ಲ. ಇಲ್ಲಿ ಅವಳಿಗೆ ಸುದ್ದಿ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ಗೊತ್ತುಮಾಡಲು ದಾಳ ಬೇಕು.

ದಾಳದ ಆಯ್ಕೆ ಬರಿಯ ಅಲಂಕಾರವಲ್ಲ, ಕಥೆಯ ಸ್ವಭಾವವೇ ಅದರ ಮೇಲೆ ನಿಂತಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇಪ್ಪತ್ತು ಮುಖದ ದಾಳ ಒಂದನ್ನು ಎಸೆಯುತ್ತಾರೆ. ಪ್ರತಿ ಮುಖಕ್ಕೂ ಸಮನಾಗಿ ಶೇ 5ರ ಅವಕಾಶ. 15 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು ಎಂದರೆ ಗೆಲುವಿನ ಸಾಧ್ಯತೆ ಶೇ 30. ಅನುಕೂಲವಿದ್ದಾಗ ಎರಡು ಸಲ ಎಸೆದು ಹೆಚ್ಚಿನದನ್ನು ಹಿಡಿಯಬಹುದು. ಆಗ ಅದು ಶೇ 51ಕ್ಕೆ ಏರುತ್ತದೆ. ಫಲಿತಾಂಶ ಬಹುಮಟ್ಟಿಗೆ ಗೆಲುವು ಅಥವಾ ಸೋಲು.

2010ರಲ್ಲಿ ಬಂದ ಅಪೋಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟ ಬೇರೆ ದಾರಿ ತೋರಿಸಿತು. ಸಾಮಾನ್ಯ ಆರು ಮುಖದ ಎರಡು ದಾಳ. ಮೊತ್ತ 10 ಅಥವಾ ಹೆಚ್ಚಾದರೆ ಪೂರ್ತಿ ಗೆಲುವು, 7ರಿಂದ 9 ಬಂದರೆ ಕೆಲಸ ಆಗುತ್ತದೆ ಆದರೆ ಏನಾದರೂ ತೆರಬೇಕು, 6 ಅಥವಾ ಕಡಿಮೆಯಾದರೆ ತೊಂದರೆ. ಎರಡು ದಾಳಗಳಲ್ಲಿ 36 ಜೋಡಿಗಳಿವೆ. ಪೂರ್ತಿ ಗೆಲುವಿಗೆ 6, ನಡುವಿನದಕ್ಕೆ 15, ತೊಂದರೆಗೆ 15. ಪಾತ್ರಕ್ಕೆ ಆ ಕೆಲಸದಲ್ಲಿ ಪಳಗಿದ ಕೈ ಇದ್ದು ಮೊತ್ತಕ್ಕೆ 1 ಸೇರಿಸಿದರೆ ಲೆಕ್ಕ 10, 16, 10 ಆಗುತ್ತದೆ. ಅಂದರೆ ಎಲ್ಲಕ್ಕಿಂತ ಹೆಚ್ಚು ಸಲ ಬರುವುದು ‘ಆಗುತ್ತದೆ, ಆದರೆ’ ಎಂಬ ಫಲ. ಕಥೆ ಹೇಳುವವರಿಗೆ ಬೇಕಾದದ್ದು ಇದೇ. ಸಾವಿತ್ರಿಗೆ 8 ಬಿತ್ತು. ಹೊರಗಿನ ಖರೀದಿದಾರ ಬಂದಿರುವುದು ನಿಜ ಎಂದು ಹಮಾಲ ಹೇಳಿದ. ಅವಳು ವಿಚಾರಿಸುತ್ತಿದ್ದಾಳೆ ಎಂಬ ಮಾತು ಸಂಜೆಯೊಳಗೆ ಸಾವಕಾರರ ಕಿವಿಗೂ ಬಿತ್ತು. ಒಂದು ಎಸೆತದಿಂದ ಎರಡು ಹೊಸ ದೃಶ್ಯ ಹುಟ್ಟಿದವು.

ದಾಳ ಕೊಳ್ಳಲಾಗದವರು ಮನೆಯ ಕವಡೆ ಬಳಸಬಹುದು. ಚೌಕಾಬಾರದ ನಾಲ್ಕು ಕವಡೆಗಳಲ್ಲಿ ಎರಡು ಮೇಲ್ಮುಖವಾಗಿ ಬೀಳುವುದೇ ಹೆಚ್ಚು, ನಾಲ್ಕೂ ಒಂದೇ ಬಗೆ ಬೀಳುವುದು ಅಪರೂಪ. ನಡುವಿನ ಫಲ ಹೆಚ್ಚಿಗೆ ಬರುವ ಆಟಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ಎಲ್ಲರೂ ಒಂದೇ ಊರಿನಲ್ಲಿ ಇರುವುದಿಲ್ಲ. ಕಾಲೇಜು ಮುಗಿದ ಮೇಲೆ ಒಬ್ಬರು ಬೆಂಗಳೂರು, ಒಬ್ಬರು ಪುಣೆ, ಒಬ್ಬರು ರಾಣೆಬೆನ್ನೂರಿನಲ್ಲಿ ಅಂಗಡಿ. ಇಂಥ ಗುಂಪುಗಳಿಗಾಗಿ ಆನ್‌ಲೈನ್ ಮೇಜುಗಳಿವೆ. 2012ರಲ್ಲಿ ಶುರುವಾದ ರೋಲ್20 ಬ್ರೌಸರ್‌ನಲ್ಲೇ ನಡೆಯುತ್ತದೆ, ಉಚಿತ ಖಾತೆಯಲ್ಲಿ ಆಡಬಹುದು. ಒಂದು ನಕ್ಷೆ, ಅದರ ಮೇಲೆ ಪಾತ್ರಗಳ ಬಿಲ್ಲೆಗಳು, ದಾಳ, ಪಾತ್ರದ ವಿವರದ ಹಾಳೆ, ಆಟಗಾರರು ಇನ್ನೂ ನೋಡದ ಜಾಗಗಳನ್ನು ಮುಚ್ಚಿಡುವ ಕತ್ತಲ ಪರದೆ ಎಲ್ಲವೂ ಅಲ್ಲಿವೆ. ಔಲ್‌ಬೇರ್ ರೋಡಿಯೋ ಇನ್ನೂ ಸರಳ: ನಕ್ಷೆ, ಬಿಲ್ಲೆ, ದಾಳ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಡಿಸ್ಕಾರ್ಡ್ ಎಂಬ ಮಾತುಕತೆಯ ತಾಣದಲ್ಲಿ ಧ್ವನಿ ಕರೆ, ಜೊತೆಗೆ ಹೇಳಿದಂತೆ ದಾಳ ಎಸೆದು ತೋರಿಸುವ ಬಾಟ್ ಎಂಬ ಒಂದು ಪುಟ್ಟ ಪ್ರೋಗ್ರಾಮ್ ಇದ್ದರೂ ಆಟ ಸಾಗುತ್ತದೆ. ಎರಡು ದಾಳಕ್ಕೆ ಒಂದು ಸೇರಿಸಿ ಎಂದು ಸಂಕೇತದಲ್ಲಿ ಬರೆದರೆ ಮೊತ್ತ ಎಲ್ಲರಿಗೂ ಕಾಣುತ್ತದೆ.

2020ರಲ್ಲಿ ಬಂದ ಫೌಂಡ್ರಿ ಎಂಬ ಆನ್‌ಲೈನ್ ಮೇಜು ಇವೆಲ್ಲಕ್ಕಿಂತ ಶಕ್ತಿಯುತ. ಗೇಮ್ ಮಾಸ್ಟರ್ ಒಬ್ಬರು ಒಮ್ಮೆ ಹಣ ಕೊಟ್ಟು ಕೊಂಡರೆ ಸಾಕು, ಉಳಿದವರು ಬ್ರೌಸರ್‌ನಿಂದ ಸೇರಿಕೊಳ್ಳುತ್ತಾರೆ. ಆದರೆ ಅದು ನಿಮ್ಮ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಳ್ಳುತ್ತದೆ, ತೊಡಕು ಅಲ್ಲಿಯೇ. ಇಂಟರ್ನೆಟ್ ಕಂಪನಿಗಳು ಎಷ್ಟೋ ಕಡೆ ಹಲವು ಮನೆಗಳಿಗೆ ಸೇರಿ ಹೊರಗಿನ ಒಂದೇ ವಿಳಾಸ ಕೊಟ್ಟಿರುತ್ತವೆ. ಮೊಬೈಲ್ ಡೇಟಾದಲ್ಲಂತೂ ಇದು ಸಾಮಾನ್ಯ. ಹೊರಗಿನಿಂದ ಬಂದ ಕರೆ ಯಾವ ಮನೆಗೆ ಎಂದು ತಿಳಿಯದೆ ಅಲ್ಲೇ ನಿಂತುಬಿಡುತ್ತದೆ. ನಿಮ್ಮದೇನೂ ತಪ್ಪಿಲ್ಲದೆ ಗೆಳೆಯರಿಗೆ ಮೇಜು ತೆರೆಯದಿದ್ದರೆ ಕಾರಣ ಬಹುಶಃ ಇದೇ ಇರುತ್ತದೆ. ಕಂಪನಿಯಿಂದ ಪ್ರತ್ಯೇಕ ವಿಳಾಸ ಕೇಳಿ ಪಡೆಯಬೇಕು, ಇಲ್ಲವೇ ಫೌಂಡ್ರಿಯನ್ನು ಬಾಡಿಗೆಯ ಸರ್ವರ್‌ನಲ್ಲಿ ಇಡಬೇಕು. ನಿಧಾನ ನೆಟ್‌ವರ್ಕ್ ಇರುವ ಹಳ್ಳಿಯಿಂದ ಆಡುವವರು ಗುಂಪಿನಲ್ಲಿದ್ದರೆ ವಿಡಿಯೋ ಬಿಟ್ಟು ಧ್ವನಿ ಮಾತ್ರ ಇಟ್ಟುಕೊಳ್ಳಿ, ನಕ್ಷೆಯ ಚಿತ್ರವನ್ನು ಕುಗ್ಗಿಸಿ ಹಾಕಿ. ಅವರೊಬ್ಬರ ಪರದೆ ತೆರೆಯುವವರೆಗೆ ಉಳಿದವರು ಕಾಯಬೇಕಾದರೆ ಆಟದ ರುಚಿಯೇ ಹೋಗುತ್ತದೆ.

ನಿಯಮಗಳನ್ನು ಕನ್ನಡಕ್ಕೆ ತರಬಹುದೇ ಎಂದು ಹಲವರು ಅನುಮಾನಿಸುತ್ತಾರೆ. ತರಬಹುದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಾಶಕರು ಪರವಾನಗಿಯನ್ನು ಬಿಗಿಗೊಳಿಸಲು ಹೊರಟಾಗ ಆಟಗಾರರಿಂದ ದೊಡ್ಡ ಪ್ರತಿಭಟನೆ ಎದ್ದಿತು. ಅದರ ಫಲವಾಗಿ 2023ರ ಜನವರಿಯಲ್ಲಿ ಐದನೆಯ ಆವೃತ್ತಿಯ ಮೂಲ ನಿಯಮಗಳ ಕಡತ, ಅಂದರೆ ಎಸ್‌ಆರ್‌ಡಿ 5.1, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾಯಿತು. ಮೂಲವನ್ನು ಸರಿಯಾಗಿ ಹೆಸರಿಸಿದರೆ ಯಾರು ಬೇಕಾದರೂ ಅನುವಾದಿಸಬಹುದು, ಬದಲಿಸಬಹುದು, ಮಾರಬಹುದು ಕೂಡ. ಫೇಟ್ ಎಂಬ ಹಗುರವಾದ ನಿಯಮಾವಳಿಯೂ ಹೀಗೆಯೇ ಮುಕ್ತವಾಗಿದೆ. ಪಾತ್ರವನ್ನು ಅಂಕಿಗಳಿಗಿಂತ ವಾಕ್ಯಗಳಲ್ಲಿ ವಿವರಿಸುವ ಅದು ಕನ್ನಡಕ್ಕೆ ಹೆಚ್ಚು ಸಲೀಸಾಗಿ ಹೊಂದುತ್ತದೆ. ‘ಕಾಕಾನ ಸಾಲ ತನ್ನ ಹೆಗಲ ಮೇಲಿದೆ’ ಎಂಬ ಒಂದು ವಾಕ್ಯವೇ ಅಲ್ಲಿ ಆಟದ ನಿಯಮವಾಗಿ ಕೆಲಸ ಮಾಡುತ್ತದೆ.

ಎರಡೂ ದಾರಿಗಳನ್ನು ಹೇಳಿದ್ದು ಅವನ್ನು ಒಂದರ ಹಿಂದೆ ಒಂದು ಬಳಸಬೇಕು ಎನ್ನುವುದಕ್ಕಾಗಿ. ವಿಷುವಲ್ ನಾವೆಲ್ ಬರೆಯುವವರ ದೊಡ್ಡ ಕೊರತೆ ಓದುಗ ಏನು ಮಾಡಲು ಬಯಸುತ್ತಾನೆ ಎಂಬುದು ಗೊತ್ತಿಲ್ಲದಿರುವುದು. ಒಬ್ಬರೇ ಕುಳಿತು ಊಹಿಸಿದ ಆಯ್ಕೆಗಳು ಸಾಮಾನ್ಯವಾಗಿ ಒಳ್ಳೆಯದು, ಕೆಟ್ಟದು, ಸುಮ್ಮನಿರುವುದು ಎಂಬ ಮೂರಕ್ಕೇ ಇಳಿದುಬಿಡುತ್ತವೆ. ಮೇಜಿನಲ್ಲಿ ನಿಜವಾದ ಮನುಷ್ಯರು ಹಮಾಲರ ಚಹಾದ ಅಂಗಡಿಯನ್ನು ಹುಡುಕಿ ತೆಗೆಯುತ್ತಾರೆ.

ಮಾಡಬೇಕಾದದ್ದು ಇಷ್ಟು. ಕಥೆಯ ಬೆನ್ನೆಲುಬಾಗಿ ಐದಾರು ಸನ್ನಿವೇಶಗಳನ್ನು ಮಾತ್ರ ಬರೆದುಕೊಳ್ಳಿ. ಎರಡು ಬೇರೆ ಬೇರೆ ಗುಂಪುಗಳಿಗೆ ಅದನ್ನೇ ಆಡಿಸಿ. ಒಂದರಲ್ಲಿ ಆಟಗಳ ಪರಿಚಯವೇ ಇಲ್ಲದವರು ಇರಲಿ, ಸಾಧ್ಯವಾದರೆ ಮಾರುಕಟ್ಟೆಗೆ ಮಾಲು ತಂದು ಗೊತ್ತಿರುವವರು. ಪ್ರತಿ ಸನ್ನಿವೇಶದ ಮುಂದೆ ನೀವು ಎಣಿಸಿದ್ದು ಏನು, ಅವರು ಮಾಡಿದ್ದು ಏನು ಎಂದು ಅಂದೇ ಬರೆದಿಡಿ. ಎರಡೂ ಗುಂಪುಗಳು ತಾವಾಗಿಯೇ ಹಿಡಿದ ದಾರಿ ಇದ್ದರೆ ಅದು ಮೆನುವಿನಲ್ಲಿ ಇರಲೇಬೇಕು. ಒಂದೇ ಗುಂಪು ಹಿಡಿದದ್ದು ಚಿಕ್ಕ ಕವಲಾಗಿ ಬರಲಿ. ಯಾರೂ ಮುಟ್ಟದ ಆಯ್ಕೆಯನ್ನು, ಅದು ನಿಮಗೆ ಎಷ್ಟೇ ಇಷ್ಟವಾಗಿದ್ದರೂ, ತೆಗೆದುಹಾಕಿ. ಆಟಗಾರರ ಬಾಯಿಂದ ಬಂದ ಮಾತುಗಳನ್ನು ಅವರ ಒಪ್ಪಿಗೆ ಕೇಳಿ ಬಳಸಿಕೊಳ್ಳಿ, ಹೆಸರನ್ನು ಕೃತಜ್ಞತೆಯ ಪುಟದಲ್ಲಿ ಹಾಕಿ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಮೇಜಿನಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ರೆನ್‌ಪೈಯಲ್ಲಿ ಓದುಗ ಹಿಂದಿನ ಸಾಲಿಗೆ ಮರಳಿ ಬೇರೆ ಆಯ್ಕೆ ಒತ್ತಬಹುದು. ಆ ಸೌಲಭ್ಯ ಅದರಲ್ಲಿ ಮೊದಲೇ ಸೇರಿದೆ. ಆದ್ದರಿಂದ ಆಯ್ಕೆಯ ಫಲ ಮುಂದಿನ ಸಾಲಿನಲ್ಲೇ ಬಿದ್ದರೆ ಓದುಗ ಎಲ್ಲವನ್ನೂ ಒತ್ತಿ ನೋಡಿ, ಲಾಭದ್ದನ್ನು ಇಟ್ಟುಕೊಳ್ಳುತ್ತಾನೆ. ಫಲ ನಾಲ್ಕು ದೃಶ್ಯ ಕಳೆದು ಬಂದರೆ ತನ್ನ ಆಯ್ಕೆಯೊಂದಿಗೇ ಬಾಳುತ್ತಾನೆ.

ಪ್ರತಿ ವರ್ಷ ಮಾರ್ಚ್‌ನಲ್ಲಿ ನ್ಯಾನೋರೆನೋ ಎಂಬ ಹೆಸರಿನಲ್ಲಿ, ಒಂದು ತಿಂಗಳೊಳಗೆ ಒಂದು ವಿಷುವಲ್ ನಾವೆಲ್ ಮುಗಿಸುವ ಕೂಟ ಆನ್‌ಲೈನ್‌ನಲ್ಲಿ ನಡೆಯುತ್ತದೆ. ಯಾರು ಬೇಕಾದರೂ ಸೇರಬಹುದು, ಹದಿನೈದು ನಿಮಿಷ ಓದಿಸುವ ಕಥೆಯಾದರೂ ಆದೀತು. ಫೆಬ್ರುವರಿಯಲ್ಲಿ ಎರಡು ಗುಂಪುಗಳ ಮೇಜು ಮುಗಿಸಿಕೊಂಡರೆ ಮಾರ್ಚ್ ತಿಂಗಳು ಪೂರ್ತಿ ಬರವಣಿಗೆಗೆ ಸಿಗುತ್ತದೆ. ಬ್ಯಾಡಗಿಗೆ ಮೆಣಸಿನಕಾಯಿಯ ಆವಕ ಜೋರಾಗಿರುವುದೂ ಆ ದಿನಗಳಲ್ಲೇ. ಹಿನ್ನೆಲೆಗೆ ಬೇಕಾದ ಫೋಟೋಗಳನ್ನೂ ಮಾರುಕಟ್ಟೆಯ ಗದ್ದಲವನ್ನೂ ಅಲ್ಲಿನವರನ್ನು ಕೇಳಿಕೊಂಡು ಮೊಬೈಲ್‌ನಲ್ಲಿ ಹಿಡಿದು ತರಬಹುದು.